ನಡುಮನೆಯಲ್ಲೊಂದು ಕಣ್ಣು

ಸೀರೆ ಕೊಳ್ಳುವಾಗ ನಾವು ನಾಲ್ಕು ಅಂಗಡಿ ಹತ್ತಿ ಇಳಿಯುತ್ತೇವೆ. ಸೆರಗು ಬಿಡಿಸಿ, ಅಂಚು ನೋಡಿ, ಬಣ್ಣ ಬಿಡುತ್ತದೆಯೇ ಎಂದು ಕೇಳಿ, ಆಮೇಲೆ ಬೆಲೆಗೂ ಚೌಕಾಸಿ ಮಾಡುತ್ತೇವೆ. ಮನೆಗೆ ಸಿ.ಸಿ. ಕ್ಯಾಮೆರಾ ಬರುವಾಗ ಮಾತ್ರ ನಮ್ಮನ್ನು ಕೇಳುವವರಿಲ್ಲ. ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಮಗನ ಫೋನು ಬರುತ್ತದೆ. ಅಂಗಡಿಯ ಹುಡುಗ ಏಣಿ ಹಾಕಿ ನಾಲ್ಕು ಮೂಲೆಗೆ ನಾಲ್ಕು ಬಿಳಿ ಬುರುಡೆ ಸಿಕ್ಕಿಸಿ ಹೋಗುತ್ತಾನೆ. ಅವುಗಳ ಕೆಳಗೆ ಹಗಲೂ ರಾತ್ರಿ ಓಡಾಡಬೇಕಾದವಳು ಅವನಿಗೆ ಕಾಫಿ ಮಾಡಿಕೊಡುತ್ತಾಳೆ, ಅಷ್ಟೆ.

ಕಳ್ಳತನದ ಭಯ ಸುಳ್ಳಲ್ಲ. ಮದುವೆಗೆಂದು ಎರಡು ದಿನ ಬೀಗ ಹಾಕಿ ಹೋದವರು ವಾಪಸು ಬಂದು, ಒಡೆದ ಬೀರುವಿನ ಮುಂದೆ ಕುಸಿದು ಕೂತದ್ದನ್ನು ನಮ್ಮ ಬೀದಿಯೂ ಕಂಡಿದೆ. ಆದ್ದರಿಂದ ಕ್ಯಾಮೆರಾವೇ ಬೇಡವೆನ್ನುವ ಹಟ ನನಗಿಲ್ಲ. ನನ್ನ ತಕರಾರಿರುವುದು ಅದನ್ನು ನಮಗೆ ಮಾರುವ ಭಾಷೆಯ ಮೇಲೆ. ಊರಿನ ಮೂರು ಅಂಗಡಿಗಳ ಕರಪತ್ರ ತಂದು, ಉತ್ತರಪತ್ರಿಕೆ ತಿದ್ದುವ ಹಾಗೆ ಕೆಂಪು ಪೆನ್ನು ಹಿಡಿದು ಓದಿದೆ.

ಮೂರರಲ್ಲೂ ಮೊದಲ ಸಾಲು ಒಂದೇ: ‘24 ಗಂಟೆಯೂ ಕಾವಲು’. ಮೊದಲ ಕೆಂಪು ಗೆರೆ ಅಲ್ಲೇ ಬಿತ್ತು. ಕಾವಲುಗಾರ ಎಂದರೆ ಕಳ್ಳನನ್ನು ಕಂಡು ಕೂಗುವವನು, ಕೋಲೆತ್ತುವವನು. ಕ್ಯಾಮೆರಾ ಬರೀ ಸಾಕ್ಷಿ. ನಡೆದದ್ದನ್ನು ಆಮೇಲೆ ಹೇಳುತ್ತದೆ, ಅದೂ ಮುಖ ಕಂಡಿದ್ದರೆ. ಸೂರಿನ ತುದಿಗೆ ಕಟ್ಟಿದ ಕ್ಯಾಮೆರಾಕ್ಕೆ ಕಾಣುವುದು ಕಳ್ಳನ ಟೋಪಿ ಮಾತ್ರ. ಚಿತ್ರ ಕೂಡಿಡುವ ಡಿ.ವಿ.ಆರ್. ಪೆಟ್ಟಿಗೆಯನ್ನು ಟಿ.ವಿ. ಪಕ್ಕದಲ್ಲೇ ಇಟ್ಟರೆ, ಒಡವೆಯ ಜೊತೆಗೆ ಸಾಕ್ಷಿಯನ್ನೂ ಅವನು ಹೊತ್ತುಕೊಂಡು ಹೋಗುತ್ತಾನೆ. ಯು.ಪಿ.ಎಸ್. ಇಲ್ಲದ ಮನೆಯಲ್ಲಿ ಕರೆಂಟು ಹೋಯಿತೆಂದರೆ ಸಾಕ್ಷಿ ಕುರುಡು.

ಎರಡನೆಯ ಗೆರೆ ‘1 ಟಿ.ಬಿ. ಹಾರ್ಡ್ ಡಿಸ್ಕ್’ ಎಂಬಲ್ಲಿ. ಕೇಳಲು ದೊಡ್ಡದು, ಲೆಕ್ಕ ಮಾಡಿ ನೋಡಿದೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬಿಡದೆ ಚಿತ್ರ ತೆಗೆದರೆ ದಿನಕ್ಕೆ ಸುಮಾರು 21.6 ಗಿಗಾಬೈಟ್ ಬೇಕು. ನಾಲ್ಕಕ್ಕೆ 86. ಹನ್ನೊಂದು ದಿನ ಕಳೆದು ಹನ್ನೆರಡನೆಯ ದಿನಕ್ಕೆ ಡಿಸ್ಕ್ ತುಂಬಿ, ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಹದಿನೈದು ದಿನದ ಕಾಶಿಯಾತ್ರೆಗೆ ಹೊರಟವರ ಮನೆಗೆ ಎರಡನೆಯ ದಿನವೇ ಕಳ್ಳ ಬಂದಿದ್ದರೆ, ಅವರು ಬಂದು ನೋಡುವಷ್ಟರಲ್ಲಿ ಅವನ ಚಿತ್ರ ಅಳಿಸಿಹೋಗಿರುತ್ತದೆ. ಎಷ್ಟು ಟಿ.ಬಿ. ಎಂದು ಕೇಳುವ ಬದಲು ಎಷ್ಟು ದಿನ ಉಳಿಯುತ್ತದೆ ಎಂದು ಕೇಳಬೇಕು. ಏನಾದರೂ ಅಲುಗಾಡಿದಾಗ ಮಾತ್ರ ಚಿತ್ರ ತೆಗೆಯುವ ಹಾಗೆ ಹೊಂದಿಸಿದರೆ ಅದೇ ಡಿಸ್ಕ್ ಹೆಚ್ಚು ದಿನ ಬಾಳುತ್ತದೆ.

ಮೂರನೆಯದು ‘ಮಾನಿಟರಿಂಗ್’. ಅಮೆರಿಕದಲ್ಲಿ ಈ ಮಾತಿಗೆ ಒಂದು ಖಚಿತ ಅರ್ಥವಿದೆ. ತಿಂಗಳಿಗೆ ಇಷ್ಟೆಂದು ದುಡ್ಡು ಕಟ್ಟಿದರೆ, ಒಂದು ಕೇಂದ್ರದಲ್ಲಿ ಕೂತವರು ಅಲಾರಂ ಬಂದೊಡನೆ ಮನೆಗೆ ಫೋನು ಮಾಡಿ ವಿಚಾರಿಸುತ್ತಾರೆ, ಬೇಕಾದರೆ ಪೊಲೀಸರಿಗೆ ತಿಳಿಸುತ್ತಾರೆ. ನಾನು ಓದಿದ ಕರಪತ್ರಗಳಲ್ಲಿ ಅದರ ಅರ್ಥ ಮಗನ ಮೊಬೈಲಿನಲ್ಲಿ ‘ಟಿಣ್’ ಎಂಬ ಸದ್ದು. ಬೆಕ್ಕು ಹಾರಿದರೂ ಟಿಣ್, ತೆಂಗಿನ ಗರಿ ಅಲ್ಲಾಡಿದರೂ ಟಿಣ್. ನೂರು ಟಿಣ್ ಕೇಳಿದ ಮೇಲೆ ಅವನು ಸದ್ದನ್ನೇ ಬಂದ್ ಮಾಡಿಡುತ್ತಾನೆ. ಸದ್ದಾದಾಗ ಓಡಿಬರುವವರು ಯಾರು ಎಂಬುದಕ್ಕೆ ಕರಪತ್ರದಲ್ಲಿ ಉತ್ತರವಿಲ್ಲ. ಅದು ಎದುರುಮನೆಯವರ ಬಳಿ ಇದೆ, 112ಕ್ಕೆ ಮಾಡುವ ಫೋನಿನಲ್ಲಿದೆ, ಊರಿಗೆ ಹೋಗುವ ಮುಂಚೆ ಠಾಣೆಗೆ ಹೇಳಿ ಹೋಗುವ ಅಭ್ಯಾಸದಲ್ಲಿದೆ.

ಮನೆಯ ಕ್ಯಾಮೆರಾವನ್ನು ಮೊದಲು ಯೋಚಿಸಿದವರಲ್ಲಿ ಒಬ್ಬಳು ಹೆಂಗಸು ಎಂಬುದು ನಿಮಗೆ ಗೊತ್ತೆ? ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್ ಆಕೆ. ಕೆಲಸ ಮುಗಿಸಿ ಹೊತ್ತಲ್ಲದ ಹೊತ್ತಿಗೆ ಮನೆಗೆ ಬರುವ, ಒಬ್ಬಳೇ ಇರುವ ಭಯ ಆಕೆಯದು. ಎಲೆಕ್ಟ್ರಾನಿಕ್ಸ್ ಬಲ್ಲ ಗಂಡ ಆಲ್ಬರ್ಟ್ ಜೊತೆಗೂಡಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಳು, 1969ರಲ್ಲಿ ಪಡೆದಳು. ಬಾಗಿಲಿಗೆ ಬೇರೆ ಬೇರೆ ಎತ್ತರದ ಕಿಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಗೆ ಟಿ.ವಿ. ಪರದೆ. ಬಂದವರ ಜೊತೆ ಒಳಗಿನಿಂದಲೇ ಮಾತಾಡಬಹುದು. ನೆಂಟರಾದರೆ ಕೂತಲ್ಲಿಂದಲೇ ಅಗುಳಿ ತೆಗೆಯಬಹುದು, ಕೇಡಿಗನಾದರೆ ಅಲಾರಂ ಒತ್ತಬಹುದು. ಆ ಕಣ್ಣು ನೋಡುತ್ತಿದ್ದದ್ದು ಹೊರಗೆ. ಪರದೆ ಇದ್ದದ್ದು ಒಳಗಿರುವವಳ ಮುಂದೆ.

ನಮ್ಮ ಮನೆಗಳಿಗೆ ಬರುವಷ್ಟರಲ್ಲಿ ಇದು ತಿರುಗುಮುರುಗಾಗಿದೆ. ಕಣ್ಣು ನಡುಮನೆಗೆ, ಅಡಿಗೆಮನೆಯ ಬಾಗಿಲಿಗೆ ಬಂದಿದೆ. ಪರದೆ ಮಾತ್ರ ಇನ್ನೊಬ್ಬರ ಜೇಬಿಗೆ ಹೋಗಿದೆ. ಸೊಸೆ ಎಷ್ಟು ಹೊತ್ತಿಗೆ ಎದ್ದಳು, ಕೆಲಸದವಳು ಎಷ್ಟು ಹೊತ್ತು ಕೂತಳು ಎಂಬುದಕ್ಕೆಲ್ಲ ಈಗ ದಾಖಲೆ ಉಂಟು. ನನಗೆ ಗೊತ್ತಿರುವ ಒಬ್ಬರು ಹಿರಿಯರಿಗೆ ಮಗ ದೂರದೂರಿನಿಂದ ಫೋನು ಮಾಡಿ, “ಅಮ್ಮ, ಇದು ಮೂರನೇ ಲೋಟ ಕಾಫಿ” ಎನ್ನುತ್ತಾನೆ. ಆಕೆ ಈಗ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಕಾಫಿ ಕುಡಿಯುತ್ತಾರೆ. ಆ ಮಗ ಕೆಟ್ಟವನಲ್ಲ. ಒಮ್ಮೆ ಆಕೆ ನಡುಮನೆಯಲ್ಲಿ ಜಾರಿಬಿದ್ದಾಗ ಅದೇ ಕ್ಯಾಮೆರಾದಲ್ಲಿ ನೋಡಿ, ಪಕ್ಕದ ಮನೆಯವರನ್ನು ಓಡಿಸಿದವನೂ ಅವನೇ. ತೊಡಕು ಇರುವುದೇ ಇಲ್ಲಿ. ಅಕ್ಕರೆಯಿಂದ ಇಟ್ಟ ಕಣ್ಣನ್ನು ತಾಯಿ ಬೇಡವೆನ್ನಲಾರಳು, ಅದರ ಮುಂದೆ ನೆಮ್ಮದಿಯಾಗಿ ಸೆರಗು ಸಡಿಲಿಸಿ ಕೂರಲೂ ಆರಳು.

ಅದಕ್ಕಿಂತ ದೊಡ್ಡ ಅಪಾಯ ಕಾಣದವರ ಕಣ್ಣು. ಅಮೆಜಾನ್ ಒಡೆತನದ ರಿಂಗ್ ಕಂಪೆನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಮೇ ತಿಂಗಳಲ್ಲಿ ದೂರು ಹೂಡಿತು. 2017ರಲ್ಲಿ ಅಲ್ಲಿಯ ನೌಕರನೊಬ್ಬ ಹೆಂಗಸರ ಮಲಗುವ ಕೋಣೆ, ಬಚ್ಚಲುಮನೆಗಳ ಸಾವಿರಾರು ವಿಡಿಯೋಗಳನ್ನು ತಿಂಗಳುಗಟ್ಟಲೆ ನೋಡಿದ್ದನೆಂದು ಅದರಲ್ಲಿತ್ತು. ಕಂಪೆನಿ 58 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ. 2016ರಲ್ಲಿ ‘ಮಿರಾಯ್’ ಎಂಬ ಕಳ್ಳ ತಂತ್ರಾಂಶ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶ ಮಾಡಿಕೊಂಡದ್ದು ಕಂಪೆನಿ ಹಾಕಿಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಾಯಿಸಿರಲಿಲ್ಲ ಎಂಬ ಸಣ್ಣ ಕಾರಣದಿಂದ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಮಾತು ಸರ್ಕಾರದ ಎದುರು ಬಂದದ್ದು ನಿಜ. ಆದರೆ ಸರ್ಕಾರಕ್ಕೇ ಇಲ್ಲದ ಸಲಿಗೆ ಅಳಿಯನಿಗೆ, ಭಾವಮೈದುನನಿಗೆ ಎಲ್ಲಿಂದ ಬಂತು? ಹೆಣ್ಣಿನ ಖಾಸಗಿ ಗಳಿಗೆಯನ್ನು ಕದ್ದು ನೋಡುವುದು, ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ನಿನಡಿ ಅಪರಾಧ. ಅದನ್ನು ಮಾಡಿದವನು ಮನೆಯವನೇ ಆದರೂ ಅಪರಾಧವೇ.

ಆದ್ದರಿಂದ ಗೆಳತಿಯರೆ, ಏಣಿ ಹಾಕುವ ಮೊದಲೇ ಕೇಳೋಣ. ಕ್ಯಾಮೆರಾ ಬಾಗಿಲು, ಗೇಟು, ಹಿತ್ತಲುಗಳನ್ನು ನೋಡಿದರೆ ಸಾಲದೆ? ಪಕ್ಕದ ಮನೆಯ ಬಚ್ಚಲ ಕಿಟಕಿ ಅದರಲ್ಲಿ ಬೀಳುತ್ತದೆಯೆ? ಯಾರು ಯಾರ ಮೊಬೈಲಿನಲ್ಲಿ ಚಿತ್ರ ಬರುತ್ತದೆ, ನಮ್ಮದರಲ್ಲೂ ಬರುತ್ತದೆಯೆ? ಪಾಸ್‌ವರ್ಡು ಅಂಗಡಿಯ ಹುಡುಗನಿಗೂ ಗೊತ್ತಿದೆಯೆ? ಒಳಗೊಂದು ಬೇಕೇ ಬೇಕೆಂದರೆ, ಅದನ್ನು ಆರಿಸುವ ಸ್ವಿಚ್ಚು ಎಲ್ಲಿದೆ? ಹಿಂದೆ ಟಿ.ವಿ.ಗೆ ಹೊದಿಸುತ್ತಿದ್ದೆವಲ್ಲ, ಅಂಥ ಒಂದು ಕ್ರೋಶಾ ಬಟ್ಟೆಯನ್ನು ಬೇಕೆನಿಸಿದಾಗ ಅದರ ಮೇಲೆ ಹಾಕುವ ಅಧಿಕಾರ ಆ ಮನೆಯಲ್ಲಿ ಬಾಳುವವಳಿಗೆ ಇರಬೇಕು. ಹಾಗೆ ಹಾಕಿದ್ದಕ್ಕೆ ಯಾರಿಗೂ ಕಾರಣ ಹೇಳಬೇಕಾಗಿ ಬರಬಾರದು. ಇಷ್ಟಕ್ಕೆ ಒಪ್ಪಿದ ಮೇಲೆ ಹುಡುಗ ಏಣಿ ಹಾಕಲಿ, ಕಾಫಿಯನ್ನೂ ಕುಡಿಯಲಿ.