ಶ್ರೀಶೈಲದ ದಾರಿಯ ಜೊತೆಗಾರರು: ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ಒಂದು ಓದು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ನನ್ನ ಧ್ವನಿ ಕೇಳಿಸ್ತಿದೆ ಅಂದುಕೊಂಡಿದ್ದೀನಿ. ಕಲ್ಯಾಣದುರ್ಗದ ಹತ್ತಿರದ ನಮ್ಮ ಹಳ್ಳಿಯಿಂದ ಮಾತಾಡ್ತಿದ್ದೀನಿ, ಮಧ್ಯೆ ನೆಟ್‌ವರ್ಕ್ ಹೋದರೆ ಕ್ಷಮಿಸಬೇಕು.

ನನ್ನ ಪ್ರಶ್ನೆ ಚಿಕ್ಕದು. ‘ಸಿದ್ಧರಾಮ ಚಾರಿತ್ರ’ದಲ್ಲಿ ಅಳುತ್ತಿರುವ ಹುಡುಗನನ್ನು ಶ್ರೀಶೈಲದ ತನಕ ಕರೆದುಕೊಂಡು ಹೋಗುವ ಯಾತ್ರಿಕರು ಇದ್ದಾರಲ್ಲ, ಅವರನ್ನು ನಾವು ಹೇಗೆ ಓದಬೇಕು? ಅವರು ಕತೆ ಮುಂದೆ ಹೋಗಲು ಬೇಕಾದ ನೆಪ ಮಾತ್ರವಾ?

ಕತೆ ನಿಮಗೆಲ್ಲ ಗೊತ್ತು, ಆದರೂ ನನಗೆ ಬೇಕಾದಷ್ಟನ್ನು ನೆನಪಿಸ್ತೀನಿ. ಸೊನ್ನಲಿಗೆ, ಅಂದರೆ ಇವತ್ತಿನ ಸೊಲ್ಲಾಪುರ. ಮುದ್ದುಗೌಡ, ಸುಗ್ಗವ್ವೆಯರ ಮಗ ಸಿದ್ಧರಾಮ, ಊರವರ ಕಣ್ಣಿಗೆ ಮಂಕ. ದನ ಕಾಯುವ ಈ ಹುಡುಗನ ಹತ್ತಿರ ಮಲ್ಲಯ್ಯ ಜಂಗಮನ ರೂಪದಲ್ಲಿ ಬಂದು ಹಸಿವು ಅನ್ನುತ್ತಾನೆ. ಹುಡುಗ ಮನೆಗೆ ಓಡಿ ಮಜ್ಜಿಗೆ-ಅನ್ನ ತರುವಷ್ಟರಲ್ಲಿ ಆತ ಇಲ್ಲ. ಹುಡುಗ ಮಲ್ಲಯ್ಯನ ಹೆಸರು ಕೂಗುತ್ತ ಅಲೆಯುತ್ತಾನೆ. ಶ್ರೀಶೈಲಕ್ಕೆ ಹೊರಟ ಯಾತ್ರಿಕರು ಸಿಗುತ್ತಾರೆ. ಮಲ್ಲಯ್ಯನನ್ನು ನಾವು ತೋರಿಸ್ತೀವಿ ಬಾ ಅಂತ ಕರೆದೊಯ್ದು ಗುಡಿಯಲ್ಲಿ ಲಿಂಗವನ್ನು ತೋರಿಸುತ್ತಾರೆ. ತನ್ನ ಹತ್ತಿರ ಅನ್ನ ಕೇಳಿದ ಮಲ್ಲಯ್ಯ ಇದಲ್ಲ ಅನ್ನುತ್ತಾನೆ ಹುಡುಗ. ಅಲ್ಲಿಂದ ಒಬ್ಬನೇ ಹುಡುಕುತ್ತ ಹೋಗಿ ಕಮರಿಗೆ ಬೀಳಲು ಹೊರಟಾಗ ಮಲ್ಲಿಕಾರ್ಜುನ ಕಾಣಿಸಿಕೊಳ್ಳುತ್ತಾನೆ, ಊರಿಗೆ ಹಿಂತಿರುಗು ಅನ್ನುತ್ತಾನೆ. ಸಿದ್ಧರಾಮ ಹಿಂತಿರುಗಿ ಕೆರೆ ಕಟ್ಟುತ್ತಾನೆ.

ತರಗತಿಯಲ್ಲಿ ನಾನು ಕೇಳಿದ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಓದು ಹೀಗಿತ್ತು: ಯಾತ್ರಿಕರದು ಸ್ಥಾವರದ ಭಕ್ತಿ, ಹುಡುಗನದು ಜಂಗಮದ ಭಕ್ತಿ, ಯಾತ್ರಿಕರಿಗೆ ಕಾಣದ್ದು ಮುಗ್ಧನಿಗೆ ಕಾಣುತ್ತದೆ. ತಪ್ಪೇನಿಲ್ಲ. ಆದರೆ ಈ ಓದಿನಲ್ಲಿ ದಾರಿ ಕಾಣೆಯಾಗುತ್ತದೆ. ಸೊಲ್ಲಾಪುರದಿಂದ ನಲ್ಲಮಲ ಕಾಡಿನ ತನಕ ಆ ಹುಡುಗನಿಗೆ ಯಾರು ಉಣ್ಣಲು ಇಟ್ಟರು? ರಾತ್ರಿ ಅವನು ಅತ್ತಾಗ ಯಾರು ಎದ್ದು ಕೂತರು? ಈ ಪ್ರಶ್ನೆ ಪುಸ್ತಕ ಓದುವಾಗ ನನಗೆ ಹುಟ್ಟಲಿಲ್ಲ ಅಂತ ಒಪ್ಪಿಕೊಳ್ತೀನಿ. ನಡೆಯುವಾಗ ಹುಟ್ಟಿತು.

ನಾನು ಹಿಂದೂಪುರದಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದಿದೆ. ಅಪ್ಪ ರೇಷ್ಮೆಗೂಡು ಮಾರಲು ಹಿಂದೂಪುರದ ಮಾರ್ಕೆಟ್ಟಿಗೆ ಬರ್ತಿದ್ರು. ಕೊನೆ ಸಲ ಬಂದಾಗ ಹಾಸ್ಟೆಲ್ ಗೇಟಿನ ಹತ್ತಿರ ನಿಂತು “ಊಟಕ್ಕೆ ಬಾರಮ್ಮ” ಅಂದ್ರು. ನಾಳೆ ಪರೀಕ್ಷೆ ಅಂದೆ. ಎಂಟು ದಿನಕ್ಕೆ ಫೋನ್ ಬಂತು. ಬಸ್ಸು ಬದಲಿಸಿಕೊಂಡು ಊರು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಮುಂದಿನ ವರ್ಷ ಯುಗಾದಿಗೆ ಮುಂಚೆ ನಮ್ಮ ಕಡೆಯ ಇಪ್ಪತ್ತು ಜನ ಶ್ರೀಶೈಲಕ್ಕೆ ನಡೆದು ಹೊರಟರು. ಅಮ್ಮನ ಒತ್ತಾಯಕ್ಕೆ ನಾನೂ ಹೊರಟೆ. ಅನಂತಪುರ, ಗುತ್ತಿ, ಡೋಣ್, ಕರ್ನೂಲು, ಆತ್ಮಕೂರು. ಒಟ್ಟು 11 ದಿನ. ಹೈವೇಯಲ್ಲಿ ಬಿಸಿಲಿಗೆ ಹೆದರಿ ರಾತ್ರಿ ಮೂರಕ್ಕೇ ಎದ್ದು ನಡೀತಿದ್ವಿ. ಗುಂಪಿನಲ್ಲಿ ಒಬ್ಬ ದೊಡ್ಡಮ್ಮ ಇದ್ದರು, ದೂರದ ನೆಂಟರು. ಅವರು ಕನ್ನಡದಲ್ಲಿ ಶುರು ಮಾಡಿದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು, ನಮ್ಮ ಕಡೆ ಎಲ್ಲರದೂ ಹಾಗೇ. ನಾಲ್ಕನೇ ದಿನ ನನ್ನ ಹಿಮ್ಮಡಿಯ ಬೊಕ್ಕೆಗೆ ಹರಳೆಣ್ಣೆ ಹಚ್ಚುತ್ತ ಅವರು ಕೇಳಿದ್ದು ಒಂದೇ: “ನಿಮ್ಮಪ್ಪ ಏನು ಇಷ್ಟಪಟ್ಟು ಉಣ್ತಿದ್ದ?” ಒಂದು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಎಲ್ಲರೂ ಧೈರ್ಯ ಹೇಳಿದ್ದರು. ಮುದ್ದೆ, ಹುರುಳಿ ಸಾರು ಅಂದೆ. ಆಮೇಲೆ ಗುತ್ತಿ ದಾಟುವ ತನಕ ನಾನೇ ಮಾತಾಡಿದೆ.

ಆತ್ಮಕೂರಿನ ಆಚೆ ವೆಂಕಟಾಪುರದಿಂದ ಕಾಡುದಾರಿ. ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು, ಕೈಲಾಸ ದ್ವಾರ. ಅಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಕಂಬಿ ಹೊತ್ತವರ ಹೊಳೆ ಬಂದು ಸೇರಿತು. ಆಂಧ್ರದ ಕಾಡಿನೊಳಗೆ ಎತ್ತ ತಿರುಗಿದರೂ ಕನ್ನಡ! ಅವರ ದಾಸೋಹದ ರೊಟ್ಟಿ ತಿಂದು ಹತ್ತಿದ್ವಿ.

ಕೊನೆಗೆ ಗುಡಿ. ಸಾಲಿನಲ್ಲಿ ನಿಂತು ಒಳಗೆ ಹೋದೆ, ನೋಡಿದೆ, ಹೊರಗೆ ಬಂದೆ. ಏನೂ ಆಗಲಿಲ್ಲ. ಹನ್ನೊಂದು ದಿನ ಕಾದಿದ್ದು ಇದಕ್ಕಲ್ಲ ಅನ್ನಿಸಿತು. ದೊಡ್ಡಮ್ಮನಿಗೆ ಹಾಗೇ ಹೇಳಿದೆ. ಅವರು ಬೈಯಲಿಲ್ಲ, ಅಪಚಾರ ಅನ್ನಲಿಲ್ಲ. “ಸರಿ ಕಣಮ್ಮ, ಕೂತ್ಕೋ” ಅಂದರು.

ಈಗ ಕಾವ್ಯಕ್ಕೆ ಬರ್ತೀನಿ. ಹುಡುಗ ಇದಲ್ಲ ಅನ್ನುವುದನ್ನು ನಾವು ಜ್ಞಾನದ ಮಾತಾಗಿ ಓದುತ್ತೇವೆ. ನನಗೆ ಈಗ ಅದು ಮೊದಲು ದುಃಖದ ಮಾತಾಗಿ ಕೇಳುತ್ತದೆ. ಅವನು ಅನ್ನ ತರಲು ಹೋಗಿದ್ದಾಗ ಉಣ್ಣಬೇಕಾದವನೇ ಹೊರಟುಹೋಗಿದ್ದಾನೆ. ಇದಕ್ಕೆ ಸಮಾಧಾನವಾಗಿ ಇನ್ನೊಂದನ್ನು ತೋರಿಸಿದರೆ ಮಗು ಒಪ್ಪುವುದಿಲ್ಲ. ಯಾತ್ರಿಕರು ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಾರೆ, ತಮಗೆ ಗೊತ್ತಿದ್ದ ಮಲ್ಲಯ್ಯನನ್ನು ತೋರಿಸಿದ್ದಾರೆ. ಅದು ಸಾಲದೆ ಬಂದಿದೆ. ಆದರೆ ಅವರು ಅಲ್ಲಿಗೆ ಮುಟ್ಟಿಸದಿದ್ದರೆ, ಸಾಲದು ಎನ್ನುವ ಜಾಗಕ್ಕೂ ಅವನು ಬರುತ್ತಿರಲಿಲ್ಲ. ಜೊತೆಗಾರರು ನೋವನ್ನು ವಾಸಿ ಮಾಡುವುದಿಲ್ಲ. ನೋವಿರುವವರನ್ನು ಅದರ ತುದಿಯ ತನಕ ಹೊತ್ತುಕೊಂಡು ಹೋಗ್ತಾರೆ. ರಾಘವಾಂಕ ಈ ಎರಡನ್ನೂ ಹೇಳುತ್ತಾನೆ ಅನ್ನುವುದೇ ನನ್ನ ವಾದ.

ಹರಿಹರನ ‘ಮಹಾದೇವಿಯಕ್ಕನ ರಗಳೆ’ಯನ್ನು ಪಕ್ಕಕ್ಕಿಟ್ಟರೆ ವ್ಯತ್ಯಾಸ ಕಾಣುತ್ತದೆ. ಅಲ್ಲೂ ಶ್ರೀಶೈಲವೇ ಗುರಿ. ಆದರೆ ಅಕ್ಕನ ಹಿಂದೆ ಬರುವ ತಂದೆತಾಯಿ, ಕೌಶಿಕ, ಇವರು ಜೊತೆಗಾರರಲ್ಲ. ಬಿಟ್ಟು ಬಂದ ಮನೆಯೇ ಬೆನ್ನು ಹತ್ತಿದ ಹಾಗೆ. ಅಕ್ಕನಿಗೆ ಒಂಟಿತನವೇ ಬಿಡುಗಡೆ. ಸಿದ್ಧರಾಮನಿಗೆ ಒಂಟಿತನ ಅಪಾಯ, ಅದು ಅವನನ್ನು ಕಮರಿಯ ಅಂಚಿಗೆ ತರುತ್ತದೆ.

ರಾಘವಾಂಕನ ಗಮನ ಗುಡಿಯಿಂದಾಚೆ ಹುಡುಗನ ಹಿಂದೆಯೇ ಹೋಗುತ್ತದೆ, ಗುಂಪು ಹಿಂದೆ ಉಳಿಯುತ್ತದೆ. ಆ ಗುಂಪನ್ನು ನೋಡಬೇಕಿದ್ದರೆ ಪಾಲ್ಕುರಿಕೆ ಸೋಮನಾಥನ ತೆಲುಗು ‘ಪಂಡಿತಾರಾಧ್ಯ ಚರಿತ್ರ’ದ ಪರ್ವತ ಪ್ರಕರಣಕ್ಕೆ ಹೋಗಬೇಕು. ಅಲ್ಲಿ ಶ್ರೀಶೈಲಕ್ಕೆ ನಡೆಯುವ ಜನಜಂಗುಳಿಯೇ ನಾಯಕ. ಅವರ ಹಾಡಿನ ಬಗೆಗಳ ಹೆಸರೂ ಸಿಗುತ್ತವೆ. ಒಂದು ಭಾಷೆಯ ಕಾವ್ಯ ಹುಡುಗನನ್ನು ಕೊಟ್ಟಿತು, ಇನ್ನೊಂದು ಜೊತೆಗಾರರನ್ನು ಕೊಟ್ಟಿತು. ದಾರಿ ಮಾತ್ರ ಒಂದೇ. ಎರಡೂ ಭಾಷೆ ಮಾತಾಡುವ ನಮ್ಮ ಗಡಿಯವರು ಎರಡನ್ನೂ ಒಟ್ಟಿಗೆ ಓದಬೇಕು ಅನ್ನುವುದು ನನ್ನ ಎರಡನೇ ಮಾತು.

ಜೊತೆಯನ್ನು ನಾನು ಹೊಗಳ್ತಾ ಹೋದರೆ ಸುಳ್ಳಾಗುತ್ತದೆ. ಇರಾವತಿ ಕರ್ವೆ ಪಂಢರಪುರದ ವಾರಿಯಲ್ಲಿ ನಡೆದು ಬರೆದ ಪ್ರಬಂಧ 1962ರಲ್ಲಿ ಇಂಗ್ಲಿಷಿನಲ್ಲಿ ಬಂತು. ಒಂದೇ ದೇವರನ್ನು ಹಾಡುತ್ತ ನಡೆಯುವ ಬ್ರಾಹ್ಮಣರು, ಮರಾಠರು ಬೇರೆ ಬೇರೆ ಅಡುಗೆ ಮಾಡಿ ಉಣ್ಣುವುದು ಅವರನ್ನು ಅಲ್ಲಿ ನೋಯಿಸಿದೆ. ಯಾತ್ರೆಯಲ್ಲಿ ಭೇದ ಕರಗುತ್ತದೆ ಎಂಬ ವಿಕ್ಟರ್ ಟರ್ನರ್ ಅವರ ಹೆಸರಾಂತ ಸಿದ್ಧಾಂತ ಓದುವಾಗ ಕರ್ವೆಯವರನ್ನು ಮರೆಯಬಾರದು. ನಮ್ಮ ಗುಂಪಿನಲ್ಲಿ ಒಲೆ ಒಂದೇ ಇತ್ತು. ಆದರೆ ಪಾತ್ರೆ ಯಾರು ಮುಟ್ಟಬೇಕು, ಯಾರು ಸೌದೆ ಮಾತ್ರ ತರಬೇಕು ಅನ್ನೋದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ನನ್ನನ್ನು ಹೊತ್ತುಕೊಂಡು ಹೋದ ಗುಂಪೇ ಅದು. ನಾನು ಆಗ ಸುಮ್ಮನಿದ್ದೆ ಅನ್ನುವುದನ್ನೂ ಇಲ್ಲಿ ಹೇಳಲೇಬೇಕು.

ಅಧ್ಯಕ್ಷರು: ಚೆನ್ನಾಗಿದೆ. ಆದರೆ ನಿಮ್ಮ ದುಃಖವನ್ನು ಕಾವ್ಯದ ಮೇಲೆ ಹೇರ್ತಿದ್ದೀರಿ ಅಂತ ಯಾರಾದರೂ ಅಂದರೆ?

ಅನ್ನಬಹುದು ಮೇಡಂ. ಅದಕ್ಕೇ ಕಾವ್ಯದ ಘಟನಾಕ್ರಮವನ್ನೇ ಹಿಡಿದುಕೊಂಡೆ. ಯಾತ್ರಿಕರನ್ನು ತೆಗೆದುಹಾಕಿ ನೋಡಿ, ಹುಡುಗ ಶ್ರೀಶೈಲ ಮುಟ್ಟುವುದೇ ಇಲ್ಲ. ಇದಲ್ಲ ಎನ್ನುವ ಮಾತು ಪೂರ್ತಿ ನಡೆದ ಮೇಲೆ ಬರುತ್ತದೆ, ಮುಂಚೆ ಅಲ್ಲ. ಇದು ನನ್ನ ದುಃಖದಿಂದ ಬಂದದ್ದಲ್ಲ, ಪಠ್ಯದಲ್ಲೇ ಇದೆ. ನಾನೂ ಕಾವ್ಯವೂ ಬೇರೆಯಾಗುವ ಜಾಗವೂ ಇದೆ: ನನಗೆ ಯಾರೂ ಪ್ರತ್ಯಕ್ಷ ಆಗಲಿಲ್ಲ.

ಅಧ್ಯಕ್ಷರು: ಹಾಗಾದರೆ ವಾಸಿ ಆಗಿದ್ದು ಹೇಗೆ?

ಪೂರ್ತಿ ಆಗಿದೆ ಅಂತ ಹೇಳಲಾರೆ. ಕೈಲಾಸ ದ್ವಾರದ ಮೆಟ್ಟಿಲಲ್ಲಿ ದೊಡ್ಡಮ್ಮ ಸುಸ್ತಾಗಿ ಕೂತಾಗ, ಇದನ್ನು ಕಟ್ಟಿಸಿದೋನು ಪುಣ್ಯಾತ್ಮ ಅಂದಿದ್ದರು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೇ ಶತಮಾನದ ಪ್ರೋಲಯ ವೇಮಾರೆಡ್ಡಿಯದು. ಸಿದ್ಧರಾಮ ಊರಿಗೆ ಮರಳಿ ಕೆರೆ ಕಟ್ಟಿದ. ಇಬ್ಬರದೂ ಮುಂದೆ ಬರುವ, ಮುಖ ಗೊತ್ತಿಲ್ಲದ ಜನಕ್ಕಾಗಿ ಮಾಡಿದ ಕೆಲಸ. ಕಾವ್ಯದಲ್ಲಿ ಹುಡುಗನ ಅಳು ನಿಲ್ಲುವುದು ದರ್ಶನದಿಂದ. ಆದರೆ ಮಲ್ಲಿಕಾರ್ಜುನ ಅವನನ್ನು ಅಲ್ಲೇ ಇಟ್ಟುಕೊಳ್ಳದೆ ಕೆಲಸಕ್ಕೆ ವಾಪಸ್ ಕಳಿಸುತ್ತಾನೆ. ದೊಡ್ಡಮ್ಮನೂ ವಾಪಸ್ ಬರುವ ಬಸ್ಸಿನಲ್ಲಿ ಅದನ್ನೇ ಕೇಳಿದ್ದು: “ಊರಿಗೆ ಹೋಗಿ ಏನ್ಮಾಡ್ತೀಯ?”

ಅಪ್ಪ ಹೋದ ಮೇಲೆ ನಾನು ಹಿಪ್ಪುನೇರಳೆ ತೋಟಕ್ಕೆ ಕಾಲಿಟ್ಟಿರಲಿಲ್ಲ. ಬಂದ ಮಾರನೇ ದಿನ ಹೋದೆ, ಅಮ್ಮನ ಜೊತೆ ಸೊಪ್ಪು ಕೊಯ್ದೆ. ಈ ಪ್ರಬಂಧದ ಮೊದಲ ಟಿಪ್ಪಣಿ ಬರೆದದ್ದೂ ಅಲ್ಲೇ, ಬದುವಿನ ಮೇಲೆ ಕೂತು.