ಗಿಡ್ಡ ಸ್ಟೂಲಿನ ಊರು

ಹನೋಯಿಯಲ್ಲಿ ಜನರ ಪರಿಚಯ ಬೇಕಿದ್ದರೆ ಮೊದಲು ಮಂಡಿ ಮಡಿಸಿ ತಗ್ಗಿನಲ್ಲಿ ಕೂರಲು ಬರಬೇಕು. ನೆಲದಿಂದ ಹೆಚ್ಚೆಂದರೆ ಒಂದಡಿ ಎತ್ತರದ ನೀಲಿ, ಕೆಂಪು ಪ್ಲಾಸ್ಟಿಕ್ ಸ್ಟೂಲುಗಳು ಅಲ್ಲಿನ ಫುಟ್‌ಪಾತುಗಳ ತುಂಬ ಹರಡಿಕೊಂಡಿರುತ್ತವೆ. ಊರಿಗೆ ಊರೇ ಅವುಗಳ ಮೇಲೆ ಕೂತು ತಿಂಡಿ ತಿನ್ನುತ್ತದೆ, ಚಹಾ ಕುಡಿಯುತ್ತದೆ, ಲಾಟರಿ ಸಂಖ್ಯೆ ನೋಡುತ್ತದೆ, ಮಗಳ ಮದುವೆಯ ಮಾತಾಡುತ್ತದೆ. ಬೆನ್ನುಚೀಲ ಹೊತ್ತು ಆಗ್ನೇಯ ಏಷ್ಯಾ ಸುತ್ತಲು ಹೊರಟವರು ಸಲಹೆ ಕೇಳಿದಾಗಲೆಲ್ಲ ನಾನು ಹೇಳುವುದು ಇಷ್ಟೆ: ನೋಡುವ ಜಾಗಗಳ ಪಟ್ಟಿಯನ್ನು ಅರ್ಧ ಮಾಡಿ, ಕೂರುವ ಜಾಗ ಒಂದನ್ನು ಗೊತ್ತುಮಾಡಿಕೊಳ್ಳಿ. ಈ ಮಾತಿಗೆ ಹನೋಯಿಯಷ್ಟು ಒಪ್ಪುವ ಊರನ್ನು ನಾನು ಕಂಡಿಲ್ಲ.

ಬೆನ್ನುಚೀಲದವರ ಈ ದಾರಿಗೆ ಒಂದು ಚರಿತ್ರೆ ಇದೆ. ಟೋನಿ ಮತ್ತು ಮೌರೀನ್ ವೀಲರ್ ದಂಪತಿ ಕಡಿಮೆ ಖರ್ಚಿನಲ್ಲಿ ಆಗ್ನೇಯ ಏಷ್ಯಾ ಸುತ್ತುವುದು ಹೇಗೆಂದು ಬರೆದ ಲೋನ್ಲಿ ಪ್ಲಾನೆಟ್ ಕೈಪಿಡಿ ಹೊರಬಂದದ್ದು 1975ರಲ್ಲಿ. ಹಳದಿ ರಕ್ಷಾಪುಟದ ಆ ಪುಸ್ತಕ ಹಿಡಿದು ಒಂದು ತಲೆಮಾರು ಬ್ಯಾಂಕಾಕ್, ಪೆನಾಂಗ್, ಬಾಲಿ ಸುತ್ತಿತು. ಅದೇ ವರ್ಷದ ಏಪ್ರಿಲ್ 30ಕ್ಕೆ ವಿಯೆಟ್ನಾಂ ಯುದ್ಧ ಮುಗಿಯಿತಾದರೂ ಹನೋಯಿಯ ಬಾಗಿಲು ಒಂಟಿ ಪ್ರವಾಸಿಗಳಿಗೆ ತೆರೆಯಲು ಬಹಳ ಕಾಲ ಹಿಡಿಯಿತು. 1986ರಲ್ಲಿ ‘ಡೊಯ್ ಮೊಯ್’ ಆರ್ಥಿಕ ಸುಧಾರಣೆ ಶುರುವಾಗಿ, ಖಾಸಗಿ ಅಂಗಡಿ ಹೋಟೆಲುಗಳಿಗೆ ಅವಕಾಶ ಸಿಕ್ಕಮೇಲೆ, ತೊಂಬತ್ತರ ದಶಕದಲ್ಲಿ ಅವರು ಬರತೊಡಗಿದರು. ಅಷ್ಟು ಹೊತ್ತಿಗೆ ಬ್ಯಾಂಕಾಕಿನ ಖಾವೊ ಸಾನ್ ರಸ್ತೆ ಪರದೇಶದವರದೇ ಬೀದಿಯಾಗಿಹೋಗಿತ್ತು. ತಡವಾಗಿ ತೆರೆದುಕೊಂಡದ್ದು ಹನೋಯಿಗೆ ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ. ಹಳೇ ಪೇಟೆಯಲ್ಲಿ ಹಾಸ್ಟೆಲುಗಳು ಸಾಲುಗಟ್ಟಿವೆ, ನಿಜ. ಪಕ್ಕದ ಮನೆಯಲ್ಲಿ ಮಾತ್ರ ಇವತ್ತಿಗೂ ಊರಿನ ಸಂಸಾರವೇ ಇದೆ.

ಹೊವಾನ್ ಕಿಯೆಮ್ ಕೆರೆಯ ಉತ್ತರಕ್ಕೆ ಹಬ್ಬಿರುವ ಈ ಪೇಟೆಗೆ ‘ಮೂವತ್ತಾರು ಬೀದಿ’ ಎಂಬ ಹೆಸರಿದೆ. ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆಗಳ ಹಾಗೆ ಇಲ್ಲಿ ಬೀದಿಗೊಂದು ಕಸುಬು. ಹಾಂಗ್ ಬಾಕ್‌ನಲ್ಲಿ ಬೆಳ್ಳಿ ಬಂಗಾರ, ಲಾನ್ ಓಂಗ್‌ನಲ್ಲಿ ಒಣಬೇರು ಗಿಡಮೂಲಿಕೆ, ಹಾಂಗ್ ಮಾದಲ್ಲಿ ಪಿತೃಗಳಿಗೆಂದು ಸುಡುವ ಕಾಗದದ ಹಣ, ಕಾಗದದ ಬಟ್ಟೆ, ಕಾಗದದ ಬೈಕು. ಹಾಂಗ್ ತಿಯೆಕ್‌ನಲ್ಲಿ ತಗಡಿನವರು ಫುಟ್‌ಪಾತಿನ ಮೇಲೇ ಕೂತು ಡಬ್ಬ, ಕೊಳವೆಗಳನ್ನು ಬಡಿಯುತ್ತಿರುತ್ತಾರೆ. ಮೊದಲ ಬೆಳಗ್ಗೆ ಯಾವ ಪಗೋಡಕ್ಕೂ ಹೋಗದೆ ಈ ನಾಲ್ಕು ಬೀದಿಗಳಲ್ಲಿ ನಡೆಯಿರಿ. ಕೆಲಸದಲ್ಲಿರುವ ಮನುಷ್ಯನ ಮುಂದೆ ನಿಂತು ಅವನ ಕೈಯನ್ನು ಗಮನವಿಟ್ಟು ನೋಡಿದರೆ ಅವನು ತಲೆಯೆತ್ತಿ ನಗುತ್ತಾನೆ. ಕ್ಯಾಮೆರಾ ಹಿಡಿದು ನಿಂತವರಿಗೆ ಆ ನಗು ಸಿಗುವುದಿಲ್ಲ.

ಇಡೀ ಊರು ಬೀದಿಯಲ್ಲೇ ಕೂರುವುದಕ್ಕೆ ಕಾರಣ ಅಲ್ಲಿನ ಮನೆಗಳಲ್ಲಿದೆ. ಎಲ್ಲ ವ್ಯಾಪಾರಿಗಳಿಗೂ ಬೀದಿಗೆ ಮುಖಮಾಡಿದ ಅಂಗಡಿ ಬೇಕಿತ್ತಾದ್ದರಿಂದ ಪೇಟೆಯ ಮನೆಗಳು ಮುಂಭಾಗದಲ್ಲಿ ಮೂರು ನಾಲ್ಕು ಮೀಟರ್ ಅಗಲಕ್ಕೆ ಇಳಿದು, ಒಳಕ್ಕೆ ಹತ್ತಾರು ಮೀಟರ್ ಉದ್ದ ಚಾಚಿಕೊಂಡವು. ಕೊಳವೆ ಮನೆ ಎಂದೇ ಅವಕ್ಕೆ ಹೆಸರು. ನಡುನಡುವೆ ಗಾಳಿ ಬೆಳಕಿಗೆ ತೊಟ್ಟಿಗಳಿದ್ದವು. 1954ರ ನಂತರ ಒಂದೊಂದು ಮನೆಯಲ್ಲಿ ಹಲವು ಸಂಸಾರಗಳು ಪಾಲು ಹಿಡಿದವು, ತೊಟ್ಟಿಗಳೂ ಕೋಣೆಗಳಾದವು. ಹೀಗೆ ಒಳಗೆ ಜಾಗವಿಲ್ಲದವರು ಅಡುಗೆಯ ಒಲೆಯನ್ನು, ಮಕ್ಕಳನ್ನು, ಬಂದ ನೆಂಟರನ್ನು ಹೊರಗಿನ ಫುಟ್‌ಪಾತಿಗೆ ತಂದರು. ಮಾ ಮೇ ಬೀದಿಯ 87ನೇ ಮನೆಯನ್ನು ದುರಸ್ತಿಮಾಡಿ ನೋಡಲು ಇಟ್ಟಿದ್ದಾರೆ. ಅಲ್ಲಿಗೊಮ್ಮೆ ಹೊಕ್ಕು ಹೊರಬನ್ನಿ. ಆಮೇಲೆ ದಾರಿಗಡ್ಡವಾಗಿ ಕೂತು ಸೊಪ್ಪು ಸೋಸುವ ಹೆಂಗಸಿನ ಮೇಲೆ ನಿಮಗೆ ಸಿಡುಕು ಬರುವುದಿಲ್ಲ. ಆಕೆ ಕೂತಿರುವುದು ತನ್ನ ಪಡಸಾಲೆಯಲ್ಲಿ. ನಾವು ನಡೆಯುತ್ತಿರುವುದೂ ಅಲ್ಲೇ.

ಈ ಪಡಸಾಲೆಗೆ ಅಪರಿಚಿತರೂ ಬಂದು ಕೂರಬಹುದಾದ ಜಾಗವೆಂದರೆ ‘ಚಾ ಡಾ’ ಅಂಗಡಿ. ಅಂಗಡಿ ಎನ್ನಲು ಅಲ್ಲಿ ಏನೂ ಇರುವುದಿಲ್ಲ. ಒಂದು ಮರದ ನೆರಳು, ಒಂದು ಪುಟ್ಟ ಮೇಜು, ಬಿಸಿ ಆರದಂತೆ ಬುಟ್ಟಿಯೊಳಗಿಟ್ಟ ಚಹಾದ ಕುಡಿಕೆ, ಮಂಜುಗಡ್ಡೆಯ ಡಬ್ಬ, ಕೆಲವು ಗಾಜಿನ ಲೋಟ. ಉತ್ತರದ ತಾಯ್ ನುಯೆನ್ ಬೆಟ್ಟಗಳ ಹಸಿರು ಚಹಾವನ್ನು ತೆಳ್ಳಗೆ ಮಾಡಿ ಐಸ್ ಮೇಲೆ ಸುರಿದು ಕೊಡುತ್ತಾರೆ. ಸಕ್ಕರೆ ಇಲ್ಲ, ಹಾಲಿಲ್ಲ. ಜತೆಗೆ ಕಡಲೆಬೀಜದ ಚಿಕ್ಕಿ, ಸುಲಿದು ತಿನ್ನಲು ಸೂರ್ಯಕಾಂತಿ ಬೀಜ, ಮೂಲೆಯಲ್ಲಿ ತಂಬಾಕು ಸೇದುವ ಬಿದಿರಿನ ಕೊಳವೆ. ಲೋಟಕ್ಕೆ 5,000 ಡಾಂಗ್ ಆಸುಪಾಸು, ನಮ್ಮ ಲೆಕ್ಕಕ್ಕೆ 15-20 ರೂಪಾಯಿ. ಅಷ್ಟು ಕೊಟ್ಟು ಒಂದು ಗಂಟೆ ಕೂತರೂ ಏಳಿ ಎನ್ನುವವರಿಲ್ಲ. ಕಚೇರಿಯ ಅಧಿಕಾರಿ, ಬೈಕ್ ಟ್ಯಾಕ್ಸಿಯವನು, ಕಾಲೇಜಿನ ಹುಡುಗಿ, ನಿವೃತ್ತ ಸೈನಿಕ ಎಲ್ಲರೂ ಮೊಣಕಾಲು ಗದ್ದಕ್ಕೆ ತಾಗುವಂತೆ ಒಂದೇ ಎತ್ತರದಲ್ಲಿ ಕೂತಿರುತ್ತಾರೆ. ಹಾಸ್ಟೆಲಿನ ಮಾಳಿಗೆಯ ಬಾರಿನಲ್ಲಿ ಕೂತವರಿಗೆ ಈ ಸರೀಕರು ಎಲ್ಲಿ ಸಿಕ್ಕಬೇಕು?

ಗುಟ್ಟು ಇರುವುದು ಅದೇ ಅಂಗಡಿಗೆ, ಅದೇ ಹೊತ್ತಿಗೆ ಮತ್ತೆ ಹೋಗುವುದರಲ್ಲಿ. ನಾನು ಕೂರುತ್ತಿದ್ದದ್ದು ಒಬ್ಬ ಅಜ್ಜಿಯ ಬಳಿ. ಗುರುತು ಹತ್ತಿದ ಕೂಡಲೇ ಆಕೆ ಕೇಳಿದ್ದು ನನ್ನ ವಯಸ್ಸು. ಅಲ್ಲಿ ಇದು ಕುತೂಹಲದ ಪ್ರಶ್ನೆಯಲ್ಲ. ಎದುರಿನವರು ಅಣ್ಣನೋ ತಮ್ಮನೋ, ಅಕ್ಕನೋ ಚಿಕ್ಕಮ್ಮನೋ ಎಂದು ಗೊತ್ತಾಗದೆ ಅವರಿಗೆ ಮಾತು ಮುಂದುವರಿಸಲಾಗದು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಮದುವೆ, ಮಕ್ಕಳು, ಸಂಬಳ. ಮಾತೆಲ್ಲ ಆಕೆಯ ಮೊಮ್ಮಗನ ಫೋನಿನ ಅನುವಾದದ ಆ್ಯಪ್ ಮೂಲಕ ನಡೆಯಿತು. ಫೋನು ಕೈಯಿಂದ ಕೈಗೆ ಹೋಗುತ್ತಿರುವಾಗ ಪಕ್ಕದ ಸ್ಟೂಲಿನವರೂ ತಮ್ಮದೊಂದು ಪ್ರಶ್ನೆ ಸೇರಿಸುತ್ತಾರೆ. ಭಾರತ ಎಂದದ್ದೇ ತಡ, ಆ ವಯಸ್ಸಿನ ಹೆಂಗಸರ ಮುಖ ಅರಳುವುದಕ್ಕೆ ಒಂದು ಕಾರಣವಿದೆ: ನಮ್ಮ ‘ಬಾಲಿಕಾ ವಧು’ ಧಾರಾವಾಹಿ ‘ಎಂಟು ವರ್ಷದ ಮದುವಣಗಿತ್ತಿ’ ಎಂಬ ಹೆಸರಿನಲ್ಲಿ ವಿಯೆಟ್ನಾಂ ಟಿವಿಯಲ್ಲಿ ಬಂದು ಮನೆಮನೆಯ ಮಾತಾಗಿತ್ತು. ಅದರ ನಾಯಕಿ ಆನಂದಿಯ ಅತ್ತೆಮನೆಯ ಕಷ್ಟಗಳ ಬಗ್ಗೆ ಅಜ್ಜಿ ಕೇಳಿದ ಪ್ರಶ್ನೆಗಳಲ್ಲಿ ನಿಜವಾದ ಸಂಕಟವಿತ್ತು. ನಮ್ಮಲ್ಲಿ ಈಗಲೂ ಹಾಗೆ ಮದುವೆ ಮಾಡುತ್ತಾರೆಯೇ ಎಂದು ಕೇಳಿದರು. ಕಾನೂನು ಇದೆ, ಆದರೂ ಕೆಲವೆಡೆ ನಡೆಯುತ್ತದೆ ಎಂದು ಉತ್ತರಿಸಿದೆ. ನಮ್ಮ ದೇಶದ ಬಗ್ಗೆ ಇಷ್ಟು ನೇರವಾಗಿ ಪ್ರಶ್ನೆ ಹಾಕಿಸಿಕೊಳ್ಳುವುದೂ ಪ್ರವಾಸದ ಒಂದು ಭಾಗ ಎಂದೇ ನಾನು ತಿಳಿದಿದ್ದೇನೆ.

ಸಸ್ಯಾಹಾರಿಗಳು ಅಲ್ಲಿ ಉಪವಾಸ ಬೀಳಬೇಕಾಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ಭಯಕ್ಕೆ ಆಧಾರವೂ ಇದೆ. ‘ಫೊ’ ಎಂಬ ನೂಡಲ್ಸಿನ ಸಾರು ದನದ ಎಲುಬಿನದು, ತೋಫುವಿನ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ, ಬೆಳಗಿನ ಅಂಟಕ್ಕಿಯ ಅನ್ನದ ಮೇಲೆ ಕೊಬ್ಬು ಚಿಮುಕಿಸುವುದುಂಟು. ಆದರೆ ಬೌದ್ಧರ ಊರದು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ, ಅನೇಕರು ಮಾಂಸ ಬಿಡುತ್ತಾರೆ. ‘ಕೊಮ್ ಚಾಯ್’ ಎಂಬ ಫಲಕ ಹಾಕಿದ ಸಸ್ಯಾಹಾರದ ಊಟದ ಮನೆಗಳು ಊರಿನ ತುಂಬ ಇವೆ. ವಿಯೆಟ್ನಾಂ ಬೌದ್ಧ ಸಂಘದ ಕೇಂದ್ರ ಕಚೇರಿ ಇರುವ ಕ್ವಾನ್ ಸು ಪಗೋಡದ ಸುತ್ತಮುತ್ತಲಲ್ಲೂ ಸಿಗುತ್ತವೆ. ನಿಮ್ಮ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ನೋಡಿಕೊಂಡು ಅಂದಿನ ಮಧ್ಯಾಹ್ನ ಅಲ್ಲಿಗೆ ಹೋಗಿ. ಪಗೋಡಕ್ಕೆ ಹೂವು ಹಣ್ಣು ತಂದವರೆಲ್ಲ ಊಟಕ್ಕೂ ಬಂದಿರುತ್ತಾರೆ, ಮೇಜು ಹಂಚಿಕೊಂಡೇ ಕೂರಬೇಕು. ನೀವು ಯಾವ ವ್ರತದವರು, ಮಾಂಸ ಬಿಟ್ಟು ಎಷ್ಟು ಕಾಲವಾಯಿತು ಎಂದು ಎದುರಿನವರು ಆದರದಿಂದ ವಿಚಾರಿಸುತ್ತಾರೆ. ಹುಟ್ಟಿನಿಂದಲೂ ಎಂದರೆ ನಂಬಲು ಅವರಿಗೆ ತುಸು ಹೊತ್ತು ಬೇಕಾಗುತ್ತದೆ.

ಕಾಫಿಯ ವಿಷಯ ಕೊಡಗು, ಚಿಕ್ಕಮಗಳೂರಿನವರಿಗಾಗಿ ಹೇಳುತ್ತೇನೆ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ. ರೊಬಸ್ಟಾದಲ್ಲಿ ಅದೇ ಮೊದಲು. ಲೋಟದ ಬಾಯಿಗೆ ಕೂರಿಸುವ ‘ಫಿನ್’ ಎಂಬ ಪುಟ್ಟ ಫಿಲ್ಟರಿನಿಂದ ಡಿಕಾಕ್ಷನ್ ಹನಿಹನಿಯಾಗಿ ಗಟ್ಟಿ ಹಾಲಿನ ಮೇಲೆ ಇಳಿಯುತ್ತದೆ. ಚಿಕೋರಿಯ ಮಾತಿಲ್ಲ, ರೊಬಸ್ಟಾದ ಕಹಿ ಪೂರ್ತಿ ಬಾಯಿಗೆ ಸಿಗುತ್ತದೆ. 1946ರಲ್ಲಿ ಹಾಲಿನ ಅಭಾವ ಬಂದಾಗ ಮೆಟ್ರೊಪೋಲ್ ಹೋಟೆಲಿನ ನುಯೆನ್ ವಾನ್ ಗಿಯಾಂಗ್ ಮೊಟ್ಟೆಯ ಹಳದಿಯನ್ನು ನೊರೆಯೆಬ್ಬಿಸಿ ಕಾಫಿಗೆ ಹಾಕಿದರು. ಆ ಮೊಟ್ಟೆ ಕಾಫಿಯನ್ನು ಅವರ ಮನೆತನದವರು ಇಂದಿಗೂ ಮಾರುತ್ತಾರೆ. ಅಲ್ಲಿ ಈಗ ಪ್ರವಾಸಿಗಳ ನೂಕುನುಗ್ಗಲು. ನನ್ನ ಆಯ್ಕೆ ಗಲ್ಲಿಯ ಸಾದಾ ಕಾಫಿ, ಬೀದಿಗೆ ಮುಖಮಾಡಿದ ಸ್ಟೂಲು.

ಹೊವಾನ್ ಕಿಯೆಮ್ ಕೆರೆಯ ಸುತ್ತಿನ ರಸ್ತೆಗಳಲ್ಲಿ ವಾರದ ಕೊನೆಗೆ ವಾಹನ ಬಿಡುವುದಿಲ್ಲ. 2016ರಿಂದ ನಡೆದುಬಂದಿರುವ ಈ ಏರ್ಪಾಟು ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ. ಆಗ ಶಾಲಾ ಮಕ್ಕಳು, ಕಾಲೇಜಿನವರು ಗುಂಪಾಗಿ ಬಂದು ‘ನಿಮ್ಮ ಜತೆ ಇಂಗ್ಲಿಷ್ ಮಾತಾಡಬಹುದೆ’ ಎಂದು ಕೇಳುತ್ತಾರೆ. ಎಷ್ಟೋ ಮಂದಿ ಇದರ ಹಿಂದೆ ಏನೋ ಮಾರಾಟ ಇರಬೇಕೆಂದು ಸರಿದುಹೋಗುತ್ತಾರೆ. ಸರಿಯಬೇಡಿ. ಅವರಿಗೆ ಬೇಕಿರುವುದು ಮಾತೇ. ಕೆಲವು ಮಕ್ಕಳ ತಂದೆತಾಯಿ ಹತ್ತು ಹೆಜ್ಜೆ ಹಿಂದೆ ನಿಂತು ಮಗ ಹೇಗೆ ಮಾತಾಡುತ್ತಾನೆಂದು ನೋಡುತ್ತಿರುತ್ತಾರೆ. ಒಪ್ಪಿಸಿದ ಪಾಠದ ಪ್ರಶ್ನೆಗಳು ಮುಗಿಯುವವರೆಗೆ ತಾಳ್ಮೆ ಇರಲಿ. ಆಮೇಲೆ ಅವರ ಶಾಲೆ, ಪರೀಕ್ಷೆ, ಹಳ್ಳಿಯ ಅಜ್ಜನ ಮನೆಯ ಬಗ್ಗೆ ನೀವು ಕೇಳಿ, ಮಾತು ತಾನಾಗಿ ಹರಿಯುತ್ತದೆ. ಹನೋಯ್‌ಕಿಡ್ಸ್ ಎಂಬ ವಿದ್ಯಾರ್ಥಿಗಳ ಬಳಗ 2006ರಿಂದ ಪ್ರವಾಸಿಗಳಿಗೆ ಉಚಿತವಾಗಿ ಊರು ತೋರಿಸುತ್ತ ಬಂದಿದೆ. ಟಿಕೆಟ್ಟು, ಊಟದ ಖರ್ಚು ಮಾತ್ರ ನಿಮ್ಮದು. 1070ರಲ್ಲಿ ಕಟ್ಟಿದ ಸಾಹಿತ್ಯ ದೇಗುಲವನ್ನು ಅಂಥ ವಿದ್ಯಾರ್ಥಿಯ ಜತೆ ನೋಡಬೇಕು. ಅಲ್ಲಿ ಆಮೆಗಳ ಬೆನ್ನ ಮೇಲೆ ನಿಂತ 82 ಕಲ್ಲುಗಳಲ್ಲಿ ಹಿಂದಿನ ಕಾಲದ ಪರೀಕ್ಷೆ ಗೆದ್ದವರ ಹೆಸರುಗಳಿವೆ. ಇಂದಿನ ಮಕ್ಕಳೂ ಪರೀಕ್ಷೆಗೆ ಮುಂಚೆ ಅಲ್ಲಿಗೆ ಬಂದು ಕೈಮುಗಿಯುತ್ತಾರೆ.

ಭಾರತದವರಿಗೆ ಹಳೇ ಪೇಟೆ ಹೊಸದೂ ಅಲ್ಲ. ಅಲ್ಲಿನ ಹಾಂಗ್ ಲುವೊಕ್ ಬೀದಿಯಲ್ಲಿ ಒಂದು ಬಿಳಿ ಮಸೀದಿ ಇದೆ, ಅಲ್ ನೂರ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭಾರತದ ಮುಸ್ಲಿಂ ವರ್ತಕರು ಕಟ್ಟಿಸಿದ್ದು. ನಮ್ಮವರು ಈ ಪೇಟೆಯಲ್ಲಿ ಅಷ್ಟು ಹಿಂದೆಯೇ ಅಂಗಡಿ ಇಟ್ಟಿದ್ದರು.

ಯುದ್ಧದ ಮಾತನ್ನು ನೀವಾಗಿ ಎತ್ತಬೇಡಿ. ಇಂದಿನ ವಿಯೆಟ್ನಾಮಿಗರಲ್ಲಿ ಬಹುಪಾಲು ಮಂದಿ ಅದು ಮುಗಿದ ಮೇಲೆ ಹುಟ್ಟಿದವರು, ಅವರಿಗೆ ಮಾತಾಡಲು ಬೇರೆ ಬೇಕಾದಷ್ಟು ಇದೆ. ತಿಳಿಯುವ ಮನಸ್ಸಿದ್ದರೆ ನೊಕ್ ಹಾ ಬಡಾವಣೆಯ ಗಲ್ಲಿಗಳಲ್ಲಿ ಕೇಳಿಕೊಂಡು ಹೂ ತಿಯೆಪ್ ಕೊಳಕ್ಕೆ ಹೋಗಿ. 1972ರ ಡಿಸೆಂಬರಿನಲ್ಲಿ ಹೊಡೆದುರುಳಿಸಿದ ಅಮೆರಿಕದ ಬಿ-52 ಬಾಂಬರಿನ ಅವಶೇಷ ಇನ್ನೂ ನೀರಿನಲ್ಲೇ ಇದೆ. ಸುತ್ತ ಮನೆಗಳು, ತರಕಾರಿ ಮಾರುವವರು, ಸೈಕಲ್ ಕಲಿಯುವ ಮಕ್ಕಳು. ಅಲ್ಲಿನ ಹಿರಿಯರು ಹೇಳಬೇಕೆನಿಸಿದರೆ ತಾವಾಗಿ ಹೇಳುತ್ತಾರೆ. ಲಾಂಗ್ ಬಿಯೆನ್ ಸೇತುವೆಯೂ ಅಂಥದೇ ಜಾಗ. ಫ್ರೆಂಚರು 1899ರಿಂದ 1902ರ ನಡುವೆ ಕೆಂಪು ನದಿಗೆ ಅಡ್ಡಲಾಗಿ ಕಟ್ಟಿದ ಈ ಕಬ್ಬಿಣದ ಸೇತುವೆಗೆ 1967ರಲ್ಲೂ 1972ರಲ್ಲೂ ಬಾಂಬು ಬಿತ್ತು. ಉರುಳಿದ ಕಮಾನುಗಳ ಜಾಗದಲ್ಲಿ ಈಗಲೂ ತೇಪೆ ಕಾಣುತ್ತದೆ. ದೇಶವೆಲ್ಲ ಬಲಕ್ಕೆ ಓಡುವಾಗ ಈ ಸೇತುವೆಯ ಮೇಲೆ ಮಾತ್ರ ಬೈಕುಗಳು ನಮ್ಮಂತೆ ಎಡಕ್ಕೆ ಓಡುತ್ತವೆ. ನಸುಕಿಗೆ ಮುಂಚೆ ಹೋದರೆ ಕೆಳಗಿನ ಸಗಟು ಮಾರುಕಟ್ಟೆಯಿಂದ ಹಣ್ಣು ಹೊತ್ತು ಹೊರಡುವ ಹೆಂಗಸರು ಸಿಗುತ್ತಾರೆ. ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ಬಂದವರು. ಅವರ ಚಿತ್ರ ತೆಗೆಯುವ ಮುನ್ನ ಕೇಳಿ, ಹಣ್ಣು ಕೊಳ್ಳಿ. ಅವರ ನೊಗವನ್ನು ಹೆಗಲಿಗೇರಿಸಿಕೊಂಡು ಚಿತ್ರಕ್ಕೆ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ಅದು ಅವರ ದಿನದ ದುಡಿಮೆಯ ಭಾರ.

ಇನ್ನು ಹೊರಡುವವರಿಗೆ. ಭಾರತೀಯರಿಗೆ ಇ-ವೀಸಾ ಸಿಗುತ್ತದೆ, 2023ರ ಆಗಸ್ಟಿನಿಂದ ಅದರ ಅವಧಿ 90 ದಿನಗಳವರೆಗೆ. ವಿಮಾನ ನಿಲ್ದಾಣದಿಂದ 86ನೇ ನಂಬರಿನ ಬಸ್ಸು ಪೇಟೆಯ ಅಂಚಿಗೆ ಬಿಡುತ್ತದೆ. 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ, ಬೇರೆ ಬೇರೆ ಜೇಬಿನಲ್ಲಿಡಿ. ರಸ್ತೆ ದಾಟುವಾಗ ಒಂದೇ ಸಮ ನಿಧಾನವಾಗಿ ನಡೆಯಿರಿ, ಹಿಂದಕ್ಕೆ ಹೆಜ್ಜೆ ಇಡಬೇಡಿ. ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಟೆಟ್ ಹೊಸ ವರ್ಷದ ವಾರ ಚಹಾ ಅಂಗಡಿಯವರೂ ಊರಿಗೆ ಹೋಗಿರುತ್ತಾರೆ, ಆಗ ಬೇಡ. ಹತ್ತು ದಿನದ ರಜೆಯಲ್ಲಿ ಹಾಲಾಂಗ್ ಕೊಲ್ಲಿ, ಸಾಪಾ, ಹೋಯ್ ಆನ್, ಸೈಗಾನ್ ಎಲ್ಲವನ್ನೂ ತುರುಕಿದ ಪ್ಯಾಕೇಜನ್ನು ಯಾರಾದರೂ ಮುಂದಿಟ್ಟರೆ ಒಪ್ಪಬೇಡಿ. ಐದು ರಾತ್ರಿಯನ್ನಾದರೂ ಹನೋಯಿಗೆ ಕೊಡಿ, ಐದೂ ರಾತ್ರಿ ಒಂದೇ ಬೀದಿಯಲ್ಲಿ ಉಳಿಯಿರಿ.