ಹಗ್ಗದ ಆಚೆಗೂ ಸಂಸಾರವಿದೆ

ಕೀನ್ಯಾದ ಕರಾವಳಿಯ ಒಂದು ರೆಸಾರ್ಟು. ಮರಳಿನ ಮೇಲೆ ಉದ್ದಕ್ಕೆ ಹಗ್ಗ ಕಟ್ಟಿದ್ದಾರೆ. ಈಚೆ ಬದಿಯಲ್ಲಿ ಯುರೋಪಿನ ಪ್ರವಾಸಿಗರು ಆರಾಮ ಕುರ್ಚಿಗಳ ಮೇಲೆ ಸಾಲಾಗಿ ಮೈಚಾಚಿದ್ದಾರೆ. ಆಚೆ ಬದಿಯಲ್ಲಿ ಊರಿನ ಯುವಕರು ಅಲುಗಾಡದೆ ಇವರನ್ನೇ ನೋಡುತ್ತ ನಿಂತಿದ್ದಾರೆ. ನಡುವೆ ಕಾವಲುಗಾರ ಅತ್ತಿಂದಿತ್ತ ಓಡಾಡುತ್ತಾನೆ. ಆಸ್ಟ್ರಿಯಾದ ನಿರ್ದೇಶಕ ಉಲ್ರಿಚ್ ಸೈಡ್ಲ್ ಈ ದೃಶ್ಯದಲ್ಲಿ ಕ್ಯಾಮೆರಾವನ್ನು ಕದಲಿಸುವುದಿಲ್ಲ, ಹಿನ್ನೆಲೆಗೆ ಸಂಗೀತ ಹಾಕುವುದಿಲ್ಲ, ಯಾರ ಬಾಯಲ್ಲೂ ಮಾತು ಆಡಿಸುವುದಿಲ್ಲ. ಬಡದೇಶದ ಕಡಲತೀರದಲ್ಲಿ ನಡೆಯುವ ಪ್ರೀತಿ-ಕಾಮಗಳ ವ್ಯವಹಾರವನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಇನ್ನೊಂದು ಚಿತ್ರಿಕೆ ನನಗೆ ನೆನಪಾಗುತ್ತಿಲ್ಲ.

2012ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿದ್ದ ಅವರ ಈ ಚಿತ್ರ, ‘ಪ್ಯಾರಡೈಸ್: ಲವ್’, ಮೂರು ಚಿತ್ರಗಳ ಸರಣಿಯ ಮೊದಲನೆಯದು. ಕಥಾನಾಯಕಿ ತೆರೇಸಾ ವಿಯೆನ್ನಾದವಳು, ಐವತ್ತರ ಹೆಂಗಸು, ಬುದ್ಧಿಮಾಂದ್ಯರನ್ನು ನೋಡಿಕೊಳ್ಳುವ ಕೆಲಸದವಳು. ಹರೆಯದ ಮಗಳಿಗೆ ಅಮ್ಮನ ಕಡೆ ಗಮನವೇ ಇಲ್ಲ. ತೆರೇಸಾ ಶ್ರೀಮಂತಳಲ್ಲ, ಕೆಟ್ಟವಳೂ ಅಲ್ಲ. ಮಾರ್ಗರೆಟೆ ಟೀಸೆಲ್ ಈ ಪಾತ್ರಕ್ಕೆ ತಮ್ಮ ಮೈ, ಮುಖ, ದಣಿವು ಎಲ್ಲವನ್ನೂ ಕೊಟ್ಟಿದ್ದಾರೆ. ರಜೆಗೆಂದು ಕೀನ್ಯಾಕ್ಕೆ ಬಂದ ತೆರೇಸಾಳಿಗೆ ತನ್ನನ್ನು ಯಾರಾದರೂ ಕಣ್ಣಲ್ಲಿ ಕಣ್ಣಿಟ್ಟು ನೋಡಲಿ ಎಂಬ ಆಸೆ. ಆ ಆಸೆ ನಮಗೂ ತಟ್ಟುತ್ತದೆ. ಹಾಗೆ ತಟ್ಟುತ್ತಿರುವಾಗಲೇ ಹೋಟೆಲಿನ ಬಾರಿನಲ್ಲಿ ಗೆಳತಿಯ ಜೊತೆ ಕೂತು, ಎದುರಿಗಿರುವ ಕರಿಯ ಪರಿಚಾರಕನ ಬಾಯಲ್ಲಿ ತಮ್ಮೂರಿನ ಹಂದಿಮಾಂಸದ ತಿನಿಸುಗಳ ಹೆಸರು ಹೇಳಿಸಿ, ಅವನು ತಡವರಿಸಿದಾಗ ಬಿದ್ದು ಬಿದ್ದು ನಗುತ್ತಾಳೆ. ಕೆಲಸ ಉಳಿಯಬೇಕಲ್ಲ, ಅವನೂ ನಗುತ್ತಾನೆ. ಒಂಟಿತನದ ನೋವನ್ನೂ ಜನಾಂಗೀಯ ದರ್ಪವನ್ನೂ ಒಂದೇ ಮುಖದಲ್ಲಿ ಕಾಣಿಸಿದ್ದು ಸೈಡ್ಲ್ ಅವರ ದೊಡ್ಡ ಸಾಧನೆ.

ಅಲ್ಲಿ ತೆರೇಸಾಳಿಗೆ ಹತ್ತಿರವಾಗುವ ಮುಂಗಾ ಎಂಬ ಯುವಕ ಮೊದಮೊದಲು ಹಣವನ್ನೇ ಕೇಳುವುದಿಲ್ಲ. ಅದಕ್ಕೇ ಅವಳು ಅವನನ್ನು ನಂಬುತ್ತಾಳೆ. ಆಮೇಲೆ ಬೇಡಿಕೆಗಳು ಒಂದೊಂದಾಗಿ ಬರುತ್ತವೆ: ತಂಗಿಯ ಮಗುವಿಗೆ ಹುಷಾರಿಲ್ಲ, ಊರ ಶಾಲೆಗೆ ಏನಾದರೂ ಕೊಡು, ಬೈಕಿನಿಂದ ಬಿದ್ದ ನೆಂಟ ಆಸ್ಪತ್ರೆಯಲ್ಲಿದ್ದಾನೆ. ತೆರೇಸಾ ಪರ್ಸು ತೆಗೆದಾಗ ಅದು ದಾನವೋ ಬೆಲೆಯೋ ಎಂದು ಅವಳಿಗೇ ತಿಳಿಯುವುದಿಲ್ಲ. ಕೊಡುವವಳಿಗೆ ತಾನು ದಯಾಳು ಅನ್ನಿಸಬೇಕು, ಪಡೆಯುವವನಿಗೆ ಮನೆ ನಡೆಯಬೇಕು. ಕೊನೆಗೆ ಆ ‘ತಂಗಿ’ ಅವನ ಹೆಂಡತಿ ಎಂದು ಗೊತ್ತಾದಾಗ ತೆರೇಸಾ ಕಡಲಂಚಿನಲ್ಲಿ, ಹೆಂಡತಿಯ ಕಣ್ಣೆದುರೇ, ಅವನ ಮೇಲೆ ಕೈಮಾಡುತ್ತಾಳೆ. ಅವನು ತಿರುಗಿ ಕೈ ಎತ್ತುವುದಿಲ್ಲ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಚಿತ್ರ ಈ ಬೇಡಿಕೆಗಳನ್ನೆಲ್ಲ ಸುಳ್ಳಿನ ಸರಮಾಲೆಯಾಗಿ ಪೋಣಿಸುತ್ತದೆ. ತೆರೇಸಾ ಮೋಸಹೋದಳು ಎಂಬ ಲೆಕ್ಕ ಪ್ರೇಕ್ಷಕನ ತಲೆಯಲ್ಲೂ ಕೂರುತ್ತದೆ. ಆದರೆ ಕೀನ್ಯಾದಲ್ಲಿ ಆಸ್ಪತ್ರೆಯ ಬಿಲ್ಲು ಕಟ್ಟುಕಥೆಯಲ್ಲ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ವಿಶ್ವಬ್ಯಾಂಕಿನ ‘ರಚನಾತ್ಮಕ ಹೊಂದಾಣಿಕೆ’ ಸಾಲವನ್ನು ಮೊದಲು ಪಡೆದ ದೇಶಗಳಲ್ಲಿ ಕೀನ್ಯಾ ಒಂದು. ಅದು 1980ರ ಮಾತು. ಸರ್ಕಾರದ ಖರ್ಚು ತಗ್ಗಿಸಬೇಕೆಂಬ ಅಂಥ ಸಾಲಗಳ ಷರತ್ತಿನ ಒತ್ತಡದಲ್ಲಿ 1989ರ ಹೊತ್ತಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳಿಂದ ಶುಲ್ಕ ವಸೂಲಿ ಆರಂಭವಾಯಿತು. ಬಿಲ್ಲು ಕಟ್ಟಲಾಗದ ಬಾಣಂತಿಯರನ್ನು ಆಸ್ಪತ್ರೆಯಲ್ಲೇ ಕೂಡಿಹಾಕಿದ ಪ್ರಕರಣಗಳು ನೈರೋಬಿಯ ಹೈಕೋರ್ಟಿನವರೆಗೂ ಹೋಗಿವೆ. ಶಾಲೆಯ ಕಥೆಯೂ ಅಷ್ಟೇ. 2003ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾಯಿತು, ಮಕ್ಕಳು ಲಕ್ಷಗಟ್ಟಲೆ ಬಂದು ಸೇರಿದರು, ಕೊಠಡಿಗಳೂ ಶಿಕ್ಷಕರೂ ಸಾಲದಾದರು. ಆ ಯೋಜನೆಯ ಹಣ ಕೆಲವು ಅಧಿಕಾರಿಗಳ ಪಾಲಾಯಿತೆಂಬ ಆರೋಪ 2009ರಲ್ಲಿ ಎದ್ದಾಗ ಬ್ರಿಟನ್, ಅಮೆರಿಕ ನೆರವನ್ನು ತಡೆಹಿಡಿದವು. ತಿಂದವರು ರಾಜಧಾನಿಯಲ್ಲಿ, ಕಳೆದುಕೊಂಡವರು ಹಳ್ಳಿಯ ಮಕ್ಕಳು. ಮುಂಗಾ ಸುಳ್ಳೇ ಹೇಳಿರಬಹುದು. ಆದರೂ ಅವನು ಹೇಳುವ ಒಂದೊಂದು ಸುಳ್ಳೂ ಪಕ್ಕದ ಮನೆಯಲ್ಲಿ ನಿಜ. ಸೈಡ್ಲ್ ಈ ಕಡೆ ತಿರುಗಿಯೂ ನೋಡುವುದಿಲ್ಲ.

ಮದುವೆಯ ವಿಷಯದಲ್ಲಿ ಚಿತ್ರ ಇನ್ನಷ್ಟು ಕುರುಡಾಗಿದೆ. ನಿಜವಾದ ಪ್ರೀತಿಗೆ ದುಡ್ಡಿನ ಸೋಂಕು ಇರಬಾರದು ಎಂಬುದು ತೆರೇಸಾಳ ನಂಬಿಕೆ. ಅದು ಅವಳ ಊರಿನ, ಅವಳ ಕಾಲದ ನಂಬಿಕೆ. ಕೀನ್ಯಾದ ಕರಾವಳಿಯ ಮಿಜಿಕೆಂಡ ಸಮುದಾಯಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಹಣ, ಆಡು, ಹೆಂಡ ಕೊಟ್ಟು ಸಂಬಂಧ ಕುದುರಿಸುವುದು ವಾಡಿಕೆ. ಕೊಡಲಾರದವನಿಗೆ ಊರಲ್ಲಿ ಮರ್ಯಾದೆ ಇಲ್ಲ. ನಮ್ಮಲ್ಲೂ ಎಷ್ಟೋ ಸಮುದಾಯಗಳಲ್ಲಿ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಹೆಣ್ಣಿನವರೇ ವರದಕ್ಷಿಣೆ ಎಣಿಸಿಕೊಡುವ ಪಿಡುಗನ್ನು ನಾವು ಇನ್ನೂ ಅನುಭವಿಸುತ್ತಿದ್ದೇವೆ. ಮದುವೆ ಎಂದರೆ ಎರಡು ಮನೆಗಳ ಲೇವಾದೇವಿ ಎಂದು ಬಲ್ಲ ನಮಗೆ ಮುಂಗಾನ ಮನೆಯೊಳಗೆ ಹೊಕ್ಕು ನೋಡಬೇಕೆನಿಸುತ್ತದೆ. ಆ ಹೆಂಡತಿ ಒಪ್ಪಿದ್ದಳೇ? ಬಿಳಿಯ ಹೆಂಗಸು ಎದುರಿಗಿರುವಾಗ ತಂಗಿಯೆಂದು ನಟಿಸಿದ ಆ ಹೊತ್ತು ಅವಳಿಗೆ ಹೇಗಿತ್ತು? ಬಂದ ದುಡ್ಡು ಯಾರ ಕೈ ಸೇರಿತು? ಚಿತ್ರದ ಅತ್ಯಂತ ಕಠಿಣವಾದ ಪಾತ್ರ ಅವಳದೇ, ಆದರೆ ಅವಳಿಗೆ ಅಲ್ಲಿ ಜಾಗವೇ ಇಲ್ಲ.

ಲಾರೆಂಟ್ ಕಾಂತೆ 2005ರಲ್ಲಿ ಮಾಡಿದ ‘ವೆರ್ ಲೆ ಸ್ಯುದ್’ ಇದೇ ವಸ್ತುವಿನದು. ಅದು 1970ರ ದಶಕದ ಹೈಟಿಯಲ್ಲಿ ನಡೆಯುತ್ತದೆ. ಅದು ಇಷ್ಟು ಧೀರ ಚಿತ್ರವಲ್ಲ, ಸಮುದ್ರವನ್ನು ಕೊಂಚ ಚಂದವಾಗಿಯೇ ತೋರಿಸುತ್ತದೆ. ಆದರೂ ಅಲ್ಲಿ ಹೋಟೆಲಿನ ಕೆಲಸಗಾರ ಆಲ್ಬರ್ಟ್ ತನ್ನ ಮಾತನ್ನು ನಮ್ಮೊಡನೆ ಆಡುತ್ತಾನೆ, ಪ್ರವಾಸಿಗರ ಬಗ್ಗೆ ಅವನಿಗಿರುವ ಸಿಟ್ಟು ನಮ್ಮನ್ನು ಮುಟ್ಟುತ್ತದೆ. ಸೈಡ್ಲ್ ಕೀನ್ಯಾದ ಯಾರಿಗೂ ಆ ಅವಕಾಶ ಕೊಟ್ಟಿಲ್ಲ.

ಇನ್ನೂ ಒಂದು ಮಾತು ಹೇಳಲೇಬೇಕು. ಕೊಳ್ಳುವವಳು ಹೆಣ್ಣು, ಮಾರಿಕೊಳ್ಳುವವನು ಗಂಡು ಎಂಬ ತಿರುವು ನೋಡುಗನ ಕುತೂಹಲ ಕೆರಳಿಸುತ್ತದೆ. ಆದರೆ ಆ ಕರಾವಳಿಯ ದೊಡ್ಡ ಗಾಯ ಬೇರೆಯೇ ಇದೆ. ಯುನಿಸೆಫ್ ಮತ್ತು ಕೀನ್ಯಾ ಸರ್ಕಾರ 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಮಾಲಿಂದಿ, ಮೊಂಬಾಸಾ, ಕಿಲಿಫಿ, ಡಯಾನಿ ಪ್ರದೇಶಗಳಲ್ಲಿ 10,000ದಿಂದ 15,000 ಹುಡುಗಿಯರು ಲೈಂಗಿಕ ದಂಧೆಗೆ ಸಿಕ್ಕಿದ್ದರು. ಗಿರಾಕಿಗಳಲ್ಲಿ ಶೇ. 38ರಷ್ಟು ಮಂದಿ ಕೀನ್ಯಾದ ಗಂಡಸರೇ. ಇಟಲಿ, ಜರ್ಮನಿ, ಸ್ವಿಟ್ಜರ್‌ಲೆಂಡಿನವರು ಆಮೇಲಿನವರು. ಪರದೇಶದವರತ್ತ ಬೆರಳು ತೋರಿಸಿ ಕೈತೊಳೆದುಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ನಮ್ಮ ವ್ಯಾಪಾರಿ ಬಳಗಗಳು ‘ಬ್ಯಾಂಕಾಕ್ ಟ್ರಿಪ್’ ಎಂದು ಕಣ್ಣು ಮಿಟುಕಿಸಿ ಆಡುವ ಮಾತಿನಲ್ಲಿ ಪಟ್ಟಾಯದ ಹೆಣ್ಣುಮಕ್ಕಳ ಬದುಕಿದೆ, ಅವರು ದುಡ್ಡು ಕಳಿಸುವ, ಥಾಯ್ಲೆಂಡಿನ ಈಶಾನ್ಯಕ್ಕಿರುವ ಇಸಾನಿನ ಹಳ್ಳಿಗಳ ಬಡತನವಿದೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಚಿತ್ರವನ್ನು ನೋಡಿ ಎನ್ನುತ್ತೇನೆ, ಮುಖ್ಯವಾಗಿ ಕೊನೆಯ ಭಾಗದ ಒಂದು ದೃಶ್ಯಕ್ಕಾಗಿ. ತೆರೇಸಾ ಅದೇ ಬಾರಿನ ಹುಡುಗನನ್ನು ಕೋಣೆಗೆ ಕರೆತರುತ್ತಾಳೆ. ಅವಳು ಹೇಳಿದ್ದಕ್ಕೆಲ್ಲ ಅವನು ಮುಜುಗರದಿಂದಲೇ ಒಪ್ಪುತ್ತ ಹೋಗಿ, ಒಂದು ಹಂತದಲ್ಲಿ ಆಗುವುದಿಲ್ಲ ಎನ್ನುತ್ತಾನೆ. ಅವಳು ಅವನನ್ನು ಹೊರಗಟ್ಟುತ್ತಾಳೆ. ಚಿತ್ರ ಅವಳ ಅಳುವಿನ ಜೊತೆ ಉಳಿಯುತ್ತದೆ. ನನ್ನ ಗಮನವೆಲ್ಲ ಹೊರಗೆ ಹೋದವನ ಮೇಲೆ. ಅವಳಿಗೆ ಹೀಗೆ ಬೇಡವೆಂದವನು ಮರಳಿನಲ್ಲಿ ಕಾಯುತ್ತ ನಿಂತವರಲ್ಲಿ ಒಬ್ಬನಲ್ಲ, ತಿಂಗಳ ಸಂಬಳದ ಕೆಲಸವಿರುವವನು. ಆ ಸಂಬಳಕ್ಕೂ ಆ ನಿರಾಕರಣೆಗೂ ಇರುವ ನಂಟನ್ನು ಸೈಡ್ಲ್ ಬೇಕೆಂದೇ ತೋರಿಸಿದರೋ ಇಲ್ಲವೋ, ಇಡೀ ಚಿತ್ರದಲ್ಲಿ ಬಡತನದ ಬಗ್ಗೆ ನನಗೆ ಅತಿ ಹೆಚ್ಚು ಹೇಳಿದ್ದು ಅದೇ.